ಬೀ ಅಮ್ಮ: ಒಡವೆ ಅಡವಿಟ್ಟು ಮಕ್ಕಳನ್ನು ಓದಿಸಿದ ತಾಯಿ

ಆಬಾದಿ ಬಾನೂ ಬೇಗಂ ಎಂದರೆ ಗುರುತು ಹಿಡಿಯುವವರು ಕಡಿಮೆ. ಬೀ ಅಮ್ಮ ಎಂದರೆ ಕೆಲವರಿಗಾದರೂ ನೆನಪಾದೀತು. ಅಲಿ ಸಹೋದರರ ತಾಯಿ ಎಂದರೆ ಮಾತ್ರ ಶಾಲೆಯಲ್ಲಿ ಓದಿದ ಖಿಲಾಫತ್ ಚಳವಳಿಯ ಪಾಠ ಎಲ್ಲರ ಕಣ್ಣ ಮುಂದೆ ಬರುತ್ತದೆ. ಎಪ್ಪತ್ತಕ್ಕೂ ಹೆಚ್ಚು ವರ್ಷ ಬಾಳಿದ ಒಬ್ಬ ಹೆಣ್ಣುಮಗಳು ಚರಿತ್ರೆಯ ಪುಟದಲ್ಲಿ ಮಕ್ಕಳ ಹೆಸರಿನ ನೆರಳಿನಲ್ಲಿ ಒಂದೆರಡು ಸಾಲಾಗಿ ಉಳಿದಿದ್ದಾರೆ.

ಬೀ ಅಮ್ಮನವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವರ ಬದುಕನ್ನು ಎರಡು ಭಾಗ ಮಾಡುತ್ತಾರೆ. ಮೊದಲ ಅರವತ್ತು ವರ್ಷ ಮನೆಯೊಳಗಿನ ತಾಯಿ. ಕೊನೆಯ ಏಳೆಂಟು ವರ್ಷ ಸಾರ್ವಜನಿಕ ವೇದಿಕೆಯ ನಾಯಕಿ. ಹತ್ತಿರದಿಂದ ನೋಡಿದರೆ ಈ ಗೆರೆ ನಿಲ್ಲುವುದಿಲ್ಲ. ತನ್ನದನ್ನು ಕೊಡುವುದು, ಇಲ್ಲದ್ದನ್ನು ಹೇಗಾದರೂ ಹೊಂದಿಸುವುದು, ಎದೆಗುಂದಿದವರಿಗೆ ಧೈರ್ಯ ಹೇಳುವುದು, ಪ್ರತಿಫಲ ಕೇಳದಿರುವುದು - ಇವೆಲ್ಲವನ್ನೂ ಅವರು ಮನೆಯೊಳಗೇ ರೂಢಿಸಿಕೊಂಡಿದ್ದರು. ದೇಶಕ್ಕೆ ಬೇಕಾದಾಗ ಅದನ್ನೇ ಬೀದಿಗೆ ತಂದರು. ಅವರನ್ನು ಇಂದು ನೆನೆಯಬೇಕಾದದ್ದು ಮುಖ್ಯವಾಗಿ ಈ ಕಾರಣಕ್ಕೆ.

ಅಮ್ರೋಹಾದಿಂದ ರಾಮ್‌ಪುರಕ್ಕೆ

ಇಂದಿನ ಉತ್ತರ ಪ್ರದೇಶದ ಅಮ್ರೋಹಾದಲ್ಲಿ 1850ರ ಸುಮಾರಿಗೆ ಆಬಾದಿ ಬಾನೂ ಹುಟ್ಟಿದರು. ಅವರು ಎಳೆಯ ಮಗುವಾಗಿದ್ದಾಗಲೇ 1857ರ ಬಂಡಾಯ ನಡೆಯಿತು. ಬಂಡಾಯ ಅಡಗಿದ ಮೇಲೆ ಬ್ರಿಟಿಷರು ತೀರಿಸಿಕೊಂಡ ಸೇಡಿನ ಬಿಸಿ ಅವರ ತವರಿಗೂ ತಟ್ಟಿತ್ತು. ಅವರು ಮದುವೆಯಾಗಿ ಹೋದದ್ದು ರಾಮ್‌ಪುರದ ಅಬ್ದುಲ್ ಅಲಿ ಖಾನರ ಮನೆಗೆ. ಅದು ನವಾಬರ ಸೇವೆಯಲ್ಲಿದ್ದ ಮನೆತನ. 1857ರಲ್ಲಿ ರಾಮ್‌ಪುರದ ನವಾಬರು ಬ್ರಿಟಿಷರ ಪಕ್ಷದಲ್ಲಿದ್ದರು. ಹೀಗೆ ತವರಿನ ನೆನಪು ಒಂದು ಕಡೆ, ಗಂಡನ ಮನೆಯ ನಿಷ್ಠೆ ಇನ್ನೊಂದು ಕಡೆ. ಅಂದಿನ ಉತ್ತರ ಭಾರತದ ಅನೇಕ ಮುಸ್ಲಿಮ್ ಕುಟುಂಬಗಳು ಇಂತಹದೇ ಇಬ್ಬಂದಿಯಲ್ಲಿ ಬದುಕುತ್ತಿದ್ದವು.

1880ರಲ್ಲಿ ಅಬ್ದುಲ್ ಅಲಿ ಖಾನ್ ಕಾಲರಾ ತಗುಲಿ ತೀರಿಕೊಂಡರು. ಆಗ ಹೆಂಡತಿಗೆ ಇನ್ನೂ ಮೂವತ್ತರ ಹರೆಯ. ಐದು ಗಂಡು ಮಕ್ಕಳು, ಒಂದು ಹೆಣ್ಣು. ಶೌಕತ್ ಅಲಿಗೆ ಏಳು ವರ್ಷ. ಕೊನೆಯವನಾದ ಮುಹಮ್ಮದ್ ಅಲಿಗೆ ಎರಡೂ ತುಂಬಿರಲಿಲ್ಲ.

ವಿಧವೆಯ ಮರುಮದುವೆಗೆ ಇಸ್ಲಾಮಿನಲ್ಲಿ ಅಡ್ಡಿಯಿಲ್ಲ, ಪ್ರೋತ್ಸಾಹವೇ ಇದೆ. ಮತ್ತೆ ಮದುವೆಯಾಗುವಂತೆ ಹೇಳಿದವರೂ ಇದ್ದರು. ಅವರು ಒಪ್ಪಲಿಲ್ಲ. ತಾನು ಈಗ ಈ ಮಕ್ಕಳಿಗೆ ತಾಯಿಯೂ ಹೌದು, ತಂದೆಯೂ ಹೌದು ಎಂದು ನಿರ್ಧರಿಸಿದರು. ಯಾರೂ ಅವರ ಮೇಲೆ ಹೇರಿದ ತ್ಯಾಗವಲ್ಲ ಇದು. ತಾವಾಗಿ ಆರಿಸಿಕೊಂಡ ಹೊಣೆ. ಅವರ ಮುಂದಿನ ಬದುಕನ್ನು ಅರ್ಥ ಮಾಡಿಕೊಳ್ಳಲು ಈ ವ್ಯತ್ಯಾಸ ಗಮನದಲ್ಲಿರಬೇಕು.

ಒಡವೆಯ ಬೆಲೆ

ಅದು ಇಂಗ್ಲಿಷ್ ಶಿಕ್ಷಣದ ಹೆಸರು ಕೇಳಿದರೆ ಮುಸ್ಲಿಮ್ ಮನೆಗಳು ಹುಬ್ಬುಗಂಟಿಕ್ಕುತ್ತಿದ್ದ ಕಾಲ. ಸರ್ ಸೈಯದ್ ಅಹ್ಮದ್ ಖಾನರು 1875ರಲ್ಲಿ ಅಲಿಗಢದಲ್ಲಿ ಶಾಲೆ ತೆರೆದಾಗ ಅವರ ವಿರುದ್ಧ ಫತ್ವಾಗಳೇ ಹೊರಟಿದ್ದವು. ಆ ಶಾಲೆಯಲ್ಲಿ ಓದಿದರೆ ಮಕ್ಕಳು ದೀನ್ ಬಿಟ್ಟು ಕಾಫಿರರಾಗುತ್ತಾರೆ ಎಂಬ ಭಯ ಸುಶಿಕ್ಷಿತರ ಮನೆಗಳಲ್ಲೂ ಇತ್ತು. ಆಬಾದಿ ಬಾನೂ ಅವರ ಗಂಡನ ಮನೆಯೂ ಇದಕ್ಕೆ ಹೊರತಾಗಿರಲಿಲ್ಲ.

ಆಸ್ತಿಯ ಉಸ್ತುವಾರಿ ಗಂಡನ ಸಹೋದರರ ಕೈಯಲ್ಲಿತ್ತು. ಮೊದಲು ಒಬ್ಬ ಮಗನ ಇಂಗ್ಲಿಷ್ ಓದಿಗೆ ವ್ಯವಸ್ಥೆಯಾಯಿತು. ಇನ್ನೊಬ್ಬನ ಮಾತು ಬಂದಾಗ, ಮನೆಯಲ್ಲಿ ಕೆಡಲು ಒಬ್ಬನೇ ಸಾಕು ಎಂಬ ಉತ್ತರ ಬಂತು. ತಾಯಿ ವಾದಕ್ಕೆ ನಿಲ್ಲಲಿಲ್ಲ. ಮನೆಯ ಕೆಲಸದವಳ ಕೈಯಲ್ಲಿ ತಮ್ಮ ಒಡವೆ ಕೊಟ್ಟು ಕಳಿಸಿ, ಲೇವಾದೇವಿಗಾರನಲ್ಲಿ ಗುಟ್ಟಾಗಿ ಅಡವಿಟ್ಟು ಹಣ ತರಿಸಿದರು. ಮಗನನ್ನು ಬರೇಲಿಯ ಶಾಲೆಗೆ ಕಳಿಸಿಬಿಟ್ಟರು. ವಿಷಯ ತಿಳಿದ ಮೇಲೆ ಮನೆಯ ಹಿರಿಯರು ಮೆತ್ತಗಾದರು. ಮುಹಮ್ಮದ್ ಅಲಿಯೂ ಅಣ್ಣಂದಿರ ಹಾದಿಯಲ್ಲೇ ಬರೇಲಿಗೆ, ಅಲ್ಲಿಂದ ಅಲಿಗಢಕ್ಕೆ ಹೋದರು.

ಈ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಪರ್ದಾದೊಳಗೆ ಬೆಳೆದವರು, ಧಾರ್ಮಿಕ ವಿಧಿಗಳಲ್ಲಿ ಕಟ್ಟುನಿಟ್ಟು. ಇಂಗ್ಲಿಷ್ ಓದಿದರೆ ಈಮಾನ್ ಹೋಗುತ್ತದೆ ಎಂಬ ಮಾತಿಗೆ ಅವರೇ ಮೊದಲು ಹೆದರಬೇಕಿತ್ತು. ಆದರೆ ಮಕ್ಕಳ ಈಮಾನ್ ಕಾಯುವುದು ತನ್ನ ಕೆಲಸ, ಜಗತ್ತನ್ನು ತಿಳಿಸಿಕೊಡುವುದು ಶಾಲೆಯ ಕೆಲಸ ಎಂಬ ತಿಳಿವಳಿಕೆ ಅವರಿಗಿತ್ತು. ಓದಿದ ಗಂಡಸರಿಗೆ ಹೊಳೆಯದ ಈ ವಿಚಾರ ಒಬ್ಬ ಓದದ ಹೆಣ್ಣುಮಗಳಿಗೆ ಹೊಳೆಯಿತು. ನಮ್ಮ ಸಮುದಾಯದ ಶೈಕ್ಷಣಿಕ ಚರಿತ್ರೆ ಬರೆಯುವಾಗ ಅಲಿಗಢದ ಕಟ್ಟಡಗಳಿಗೆ ದೇಣಿಗೆ ಕೊಟ್ಟ ನವಾಬರ ಹೆಸರುಗಳು ಬರುತ್ತವೆ. ಹೀಗೆ ಗುಟ್ಟಾಗಿ ಅಡವಿಗೆ ಹೋದ ಒಡವೆಗಳ ಲೆಕ್ಕ ಎಲ್ಲಿಯೂ ಬರುವುದಿಲ್ಲ.

ಆ ಹಣ ವ್ಯರ್ಥವಾಗಲಿಲ್ಲ. ಶೌಕತ್ ಅಲಿ ಅಲಿಗಢದ ಕ್ರಿಕೆಟ್ ತಂಡದ ನಾಯಕರಾದರು. ಓದು ಮುಗಿಸಿ ಸರ್ಕಾರದ ಅಫೀಮು ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. 1898ರಲ್ಲಿ ತಮ್ಮನನ್ನು ಇಂಗ್ಲೆಂಡಿಗೆ ಕಳಿಸಿದ್ದು ಇದೇ ಅಣ್ಣ. ಮುಹಮ್ಮದ್ ಅಲಿ ಆಕ್ಸ್‌ಫರ್ಡಿನ ಲಿಂಕನ್ ಕಾಲೇಜಿನಲ್ಲಿ ಇತಿಹಾಸ ಓದಿದರು. ತಾಯಿ ಅಂದು ಮಾಡಿದ್ದನ್ನು ಅಣ್ಣ ತಮ್ಮನಿಗಾಗಿ ಮಾಡಿದ. ಕೊಡುವುದನ್ನು ಮಕ್ಕಳು ಉಪದೇಶದಿಂದ ಕಲಿಯುವುದಿಲ್ಲ. ಮನೆಯಲ್ಲಿ ಕೊಡುವವರನ್ನು ಕಂಡು ಕಲಿಯುತ್ತಾರೆ.

ಛಿಂದ್ವಾಡಾದ ದಿನಗಳು

1911ರ ಜನವರಿಯಲ್ಲಿ ಮುಹಮ್ಮದ್ ಅಲಿ ಕಲ್ಕತ್ತೆಯಿಂದ 'ಕಾಮ್ರೇಡ್' ಎಂಬ ಇಂಗ್ಲಿಷ್ ವಾರಪತ್ರಿಕೆ ಆರಂಭಿಸಿದರು. ರಾಜಧಾನಿ ದಿಲ್ಲಿಗೆ ಹೋದಾಗ ಪತ್ರಿಕೆಯೂ ಅಲ್ಲಿಗೆ ಹೋಯಿತು. 1913ರಲ್ಲಿ ಉರ್ದು ದಿನಪತ್ರಿಕೆ 'ಹಮ್ದರ್ದ್' ಸೇರಿಕೊಂಡಿತು. 1914ರಲ್ಲಿ ಮಹಾಯುದ್ಧ ಶುರುವಾಗಿ ತುರ್ಕಿ ಬ್ರಿಟಿಷರ ಎದುರು ಪಕ್ಷ ಸೇರಿದಾಗ 'ಕಾಮ್ರೇಡ್' ಬರೆದ ಲೇಖನಕ್ಕಾಗಿ ಸರ್ಕಾರ ಪತ್ರಿಕೆಯ ಠೇವಣಿಯನ್ನು ಮುಟ್ಟುಗೋಲು ಹಾಕಿತು. 1915ರ ಮೇ ತಿಂಗಳಲ್ಲಿ ಸಹೋದರರಿಬ್ಬರನ್ನೂ ನಿರ್ಬಂಧದಲ್ಲಿಟ್ಟಿತು. ಮೊದಲು ಮೆಹ್ರೋಲಿ, ನಂತರ ಲ್ಯಾನ್ಸ್‌ಡೌನ್, ಕೊನೆಗೆ ಮಧ್ಯಪ್ರಾಂತದ ಛಿಂದ್ವಾಡಾ. ವಿಚಾರಣೆಯಿಲ್ಲ, ಅವಧಿ ಗೊತ್ತಿಲ್ಲ.

ಅರವತ್ತು ದಾಟಿದ ತಾಯಿ ಮಕ್ಕಳೊಂದಿಗೆ ಛಿಂದ್ವಾಡಾದಲ್ಲಿ ನೆಲೆಸಿದರು. 1917ರಲ್ಲಿ ಸರ್ಕಾರದ ಗುಪ್ತಚರ ಇಲಾಖೆಯ ಅಧಿಕಾರಿಯೊಬ್ಬರು ಒಂದು ಮುಚ್ಚಳಿಕೆ ಪತ್ರ ಹಿಡಿದು ಬಂದರು. ಅದಕ್ಕೆ ಸಹಿ ಹಾಕಿದರೆ ಬಿಡುಗಡೆ. ಮಾತುಕತೆ ನಡೆಯುತ್ತಿದ್ದಾಗ ಪರದೆಯ ಹಿಂದೆ ಇದ್ದ ಬೀ ಅಮ್ಮನವರ ದನಿ ಕೇಳಿತು. ಬಿಡುಗಡೆಯ ಆಸೆಗಾಗಿ ಈ ಮಕ್ಕಳು ದೀನ್‌ಗೂ ದೇಶಕ್ಕೂ ವಿರುದ್ಧವಾದ ಮಾತಿಗೆ ಸಹಿ ಹಾಕಿದರೆ, ಸುಕ್ಕುಗಟ್ಟಿದ ಈ ಕೈಗಳಿಗೆ ಅವರ ಕತ್ತು ಹಿಚುಕುವಷ್ಟು ಬಲವನ್ನು ಅಲ್ಲಾಹನು ಕೊಡುವನೆಂದು ನಂಬಿದ್ದೇನೆ ಎಂಬ ಅರ್ಥದಲ್ಲಿ ಅವರು ಹೇಳಿದರು. ಆ ಮಾತು ಮುಂದೆ ದೇಶವೆಲ್ಲ ಹರಡಿತು. ಮಗನಿಗೆ ತಾಯಿ ಹೇಳುವ ಬುದ್ಧಿಮಾತಿನ ರೂಪದಲ್ಲಿ ಒಂದು ಹಾಡೇ ಹುಟ್ಟಿ, ಖಿಲಾಫತ್ ಕಾಲದ ಉತ್ತರ ಭಾರತದ ಬೀದಿಗಳಲ್ಲಿ ಮಕ್ಕಳ ಬಾಯಲ್ಲೂ ಕುಣಿಯಿತು.

ಈ ಪ್ರಸಂಗವನ್ನು ಓದುವಾಗ ಆ ಕಠೋರ ಮಾತು ಮಾತ್ರ ನಮ್ಮ ಗಮನ ಸೆಳೆಯುತ್ತದೆ. ಅದನ್ನಾಡಿದವರು ಯಾರು ಎಂಬುದನ್ನು ಮರೆಯಬಾರದು. ಅದೇ ಮಕ್ಕಳಿಗಾಗಿ ಒಡವೆ ಅಡವಿಟ್ಟವರು, ಅದೇ ಮಕ್ಕಳ ಬಂಧನದಲ್ಲಿ ತಾವಾಗಿಯೇ ಪಾಲು ಪಡೆದವರು. ತಾವು ಹೊರಲು ಸಿದ್ಧವಿಲ್ಲದ ಭಾರವನ್ನು ಅವರು ಮಕ್ಕಳ ಮೇಲೆ ಹೊರಿಸಲಿಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಮುಸ್ಲಿಮ್ ಲೀಗಿನ ಅಧಿವೇಶನ ನಡೆಯಿತು. ಆಯ್ಕೆಯಾದ ಅಧ್ಯಕ್ಷ ಮುಹಮ್ಮದ್ ಅಲಿ ನಿರ್ಬಂಧದಲ್ಲಿದ್ದುದರಿಂದ ಅಧ್ಯಕ್ಷರ ಕುರ್ಚಿಯ ಮೇಲೆ ಅವರ ಭಾವಚಿತ್ರ ಇಟ್ಟಿದ್ದರು. ಮಗನ ಬದಲಿಗೆ ಬೀ ಅಮ್ಮ ಬುರ್ಖಾ ಧರಿಸಿಯೇ ಆ ಸಭೆಯನ್ನು ಉದ್ದೇಶಿಸಿ ಮಾತಾಡಿದರು. ಆ ಸಲದ ಕಾಂಗ್ರೆಸ್ ಅಧಿವೇಶನವೂ ಕಲ್ಕತ್ತೆಯಲ್ಲೇ, ಆ್ಯನಿ ಬೆಸೆಂಟರ ಅಧ್ಯಕ್ಷತೆಯಲ್ಲಿ ನಡೆದಿತ್ತು. ಒಂದು ವರ್ಷ, ಒಂದು ನಗರದಲ್ಲಿ ಭಾರತದ ರಾಜಕೀಯ ವೇದಿಕೆಗಳು ಹೆಣ್ಣಿನ ದನಿ ಕೇಳಿದವು.

ಊರೂರು ಅಲೆದ ಸೇವಕಿ

1919ರ ಕೊನೆಯಲ್ಲಿ ಸಹೋದರರ ಬಿಡುಗಡೆಯಾಯಿತು. ಯುದ್ಧದಲ್ಲಿ ಸೋತ ತುರ್ಕಿಯನ್ನು ಗೆದ್ದ ರಾಷ್ಟ್ರಗಳು ಹಂಚಿಕೊಳ್ಳುತ್ತಿದ್ದವು. ಖಲೀಫರ ಸ್ಥಾನ, ಪವಿತ್ರ ಕ್ಷೇತ್ರಗಳ ರಕ್ಷಣೆ ಇವುಗಳ ಕುರಿತು ಬ್ರಿಟಿಷರು ಕೊಟ್ಟ ಭರವಸೆ ಹುಸಿಯಾಯಿತೆಂಬ ನೋವು ಭಾರತದ ಮುಸ್ಲಿಮರಲ್ಲಿತ್ತು. ಜಲಿಯನ್‌ವಾಲಾಬಾಗ್ ಹತ್ಯಾಕಾಂಡದ ನೋವು ಎಲ್ಲರಲ್ಲೂ ಇತ್ತು. ಈ ಎರಡು ನೋವುಗಳು ಸೇರಿ 1920ರಲ್ಲಿ ಅಸಹಕಾರ ಚಳವಳಿ ಮೊದಲಾಯಿತು. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಗಾಂಧೀಜಿ ಮತ್ತು ಶೌಕತ್ ಅಲಿ ಜೊತೆಯಾಗಿ ಮಂಗಳೂರಿಗೂ ಬೆಂಗಳೂರಿಗೂ ಬಂದು ಮಾತಾಡಿದ್ದನ್ನು ನಮ್ಮ ನಾಡಿನ ಹಿರಿಯರು ಬಹುಕಾಲ ನೆನೆಯುತ್ತಿದ್ದರು.

1921ರ ಸೆಪ್ಟೆಂಬರಿನಲ್ಲಿ ಸಹೋದರರು ಮತ್ತೆ ಬಂಧನಕ್ಕೊಳಗಾದರು. ಕರಾಚಿಯ ಖಾಲಿಕ್‌ದಿನಾ ಹಾಲಿನಲ್ಲಿ ವಿಚಾರಣೆ ನಡೆದು ಎರಡು ವರ್ಷಗಳ ಶಿಕ್ಷೆಯಾಯಿತು. ಇಂತಹ ಹೊತ್ತಿನಲ್ಲಿ ಮನೆಯಲ್ಲಿ ಕೂತು ತಸ್ಬೀಹ್ ಎಣಿಸುತ್ತಾ ಮಕ್ಕಳಿಗಾಗಿ ದುಆ ಮಾಡಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಎಪ್ಪತ್ತರ ಬೀ ಅಮ್ಮ ದುಆ ಮಾಡಿಕೊಂಡೇ ಬೀದಿಗಿಳಿದರು. ಮುಹಮ್ಮದ್ ಅಲಿಯವರ ಪತ್ನಿ ಅಮ್ಜದಿ ಬೇಗಂ ಕೂಡ ಚಳವಳಿಗೆ ಧುಮುಕಿದರು. ಪಂಜಾಬ್, ಗುಜರಾತ್, ಬಿಹಾರ ಎಂದು ಬೀ ಅಮ್ಮ ಪ್ರಾಂತದಿಂದ ಪ್ರಾಂತಕ್ಕೆ ಸಂಚರಿಸಿದರು. 1921ರ ಡಿಸೆಂಬರಿನಲ್ಲಿ ಅಹಮದಾಬಾದಿನಲ್ಲಿ ಕಾಂಗ್ರೆಸ್ ಅಧಿವೇಶನದ ಸಂದರ್ಭದಲ್ಲಿ ನೆರೆದ ಮಹಿಳೆಯರ ದೊಡ್ಡ ಸಭೆಯಲ್ಲಿ ಮಾತಾಡಿದರು.

ಅವರ ಕೆಲಸದ ಸ್ವರೂಪವನ್ನು ಗಮನಿಸಬೇಕು. ಖಿಲಾಫತ್ ನಿಧಿಗೆ, ತಿಲಕ್ ಸ್ವರಾಜ್ಯ ನಿಧಿಗೆ ಹಣ ಬೇಕಿತ್ತು. ಜೈಲಿಗೆ ಹೋದವರ ಮನೆಗಳಿಗೆ ಧೈರ್ಯ ಬೇಕಿತ್ತು. ವಿದೇಶಿ ಬಟ್ಟೆ ಬಿಟ್ಟು ಖಾದಿ ಉಡಲು ಮನೆಯ ಹೆಂಗಸರು ಒಪ್ಪಬೇಕಿತ್ತು. ಬಟ್ಟೆ ಕೊಳ್ಳುವ, ನೂಲು ತೆಗೆಯುವ, ಒಡವೆ ಬಿಚ್ಚಿಕೊಡುವ ಕೈಗಳು ಅವರವೇ. ಜನಾನಾದ ಒಳಗೆ ಯಾವ ಗಂಡಸು ಮುಖಂಡನೂ ಹೋಗುವಂತಿರಲಿಲ್ಲ. ಬೀ ಅಮ್ಮ ಹೋಗಬಲ್ಲವರಾಗಿದ್ದರು. ಮಕ್ಕಳ ಓದಿಗೆ ತಮ್ಮ ಒಡವೆ ಅಡವಿಟ್ಟ ಮುದುಕಿ ದೇಶಕ್ಕಾಗಿ ಒಡವೆ ಕೇಳಿದಾಗ ಹೆಂಗಸರು ಬಿಚ್ಚಿಕೊಟ್ಟರು. ಕೊಟ್ಟು ಅಭ್ಯಾಸವಿದ್ದವರು ಕೇಳಿದರೆ ಕೇಳುವ ಮಾತಿಗೆ ತೂಕ ಬರುತ್ತದೆ.

ಆ ಕಾಲದ ಪಂಜಾಬಿನ ಸಭೆಯೊಂದರಲ್ಲಿ ಅವರು ಮುಖದ ಮೇಲಿನ ಬುರ್ಖಾ ಸರಿಸಿ ಮಾತಾಡಿದರು. ಎದುರಿಗಿರುವವರೆಲ್ಲ ತನ್ನ ಮಕ್ಕಳೇ, ಮಕ್ಕಳ ಮುಂದೆ ತಾಯಿಗೆ ಪರ್ದಾ ಬೇಕಿಲ್ಲ ಎಂಬುದು ಅವರು ಕೊಟ್ಟ ಕಾರಣ. ಅದನ್ನು ಪರ್ದಾ ಪದ್ಧತಿಯ ವಿರುದ್ಧದ ಬಂಡಾಯ ಎಂದು ಹೊಗಳಿದವರೂ ಇದ್ದಾರೆ, ಹುಬ್ಬೇರಿಸಿದವರೂ ಇದ್ದಾರೆ. ಬೀ ಅಮ್ಮ ಎರಡೂ ಪಕ್ಷಕ್ಕೆ ಸೇರಿದವರಲ್ಲ. ವೃದ್ಧ ಸ್ತ್ರೀಯರಿಗೆ ಮೇಲುಹೊದಿಕೆಯ ವಿಷಯದಲ್ಲಿ ಸೂರಃ ಅನ್ನೂರ್ ರಿಯಾಯಿತಿ ನೀಡಿದೆ. ಜೀವಮಾನವಿಡೀ ಪರ್ದಾ ಪಾಲಿಸಿದ ಅವರು ತಮ್ಮ ವಯಸ್ಸು ಮತ್ತು ತಾಯ್ತನ ಕೊಟ್ಟ ಹಕ್ಕನ್ನು ಬಳಸಿಕೊಂಡರು, ಅಷ್ಟೇ. ಧರ್ಮದ ಒಳಗೇ ಇದ್ದ ಅವಕಾಶವನ್ನು ಕಂಡುಕೊಳ್ಳಲು ಅವರಿಗೆ ಯಾರ ಪಾಠವೂ ಬೇಕಾಗಲಿಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. 'ತಾಯಿ' ಎಂಬ ಬಿರುದು ಅವರಿಗೆ ಬಾಗಿಲು ತೆರೆದಂತೆ ಅವರ ಹಿಂದೆ ಬಂದ ಎಲ್ಲ ಹೆಂಗಸರಿಗೂ ತೆರೆಯಲಿಲ್ಲ. ಚಳವಳಿ ತಣ್ಣಗಾದಾಗ ಒಡವೆ ಕೊಟ್ಟ ಹೆಂಗಸರಲ್ಲಿ ಬಹುಪಾಲು ಮಂದಿ ಮತ್ತೆ ಮನೆಯೊಳಗೆ ಮರೆಯಾದರು. ಅವರ ದೇಣಿಗೆಯನ್ನು ಪಡೆದ ಸಮಾಜ ಅವರ ಅಭಿಪ್ರಾಯವನ್ನು ಮುಂದೆ ಕೇಳಲಿಲ್ಲ.

ಸೋಲಿನ ವರ್ಷ

1924 ಬೀ ಅಮ್ಮನವರ ಬದುಕಿನ ಕೊನೆಯ ವರ್ಷ. ಅವರು ದುಡಿದ ಎರಡು ಧ್ಯೇಯಗಳೂ ಕುಸಿದ ವರ್ಷ. ಮಾರ್ಚ್ 3ರಂದು ತುರ್ಕಿಯ ಸಂಸತ್ತೇ ಖಿಲಾಫತನ್ನು ರದ್ದು ಮಾಡಿತು. ಇತ್ತ ಭಾರತದಲ್ಲಿ ಹಿಂದೂ-ಮುಸ್ಲಿಮ್ ಐಕ್ಯ ಊರಿಂದೂರಿಗೆ ಒಡೆಯುತ್ತಿತ್ತು. ಸೆಪ್ಟೆಂಬರಿನಲ್ಲಿ ಕೋಹಾಟ್ ಹೊತ್ತಿ ಉರಿಯಿತು. ನೊಂದ ಗಾಂಧೀಜಿ ದಿಲ್ಲಿಯಲ್ಲಿ 21 ದಿನಗಳ ಉಪವಾಸ ಕೈಗೊಂಡರು. ಉಪವಾಸಕ್ಕೆ ಅವರು ಆರಿಸಿಕೊಂಡ ಜಾಗ ಮುಹಮ್ಮದ್ ಅಲಿಯವರ ಮನೆ. ಕಾಯಿಲೆಯಿಂದ ಕುಗ್ಗಿದ್ದ ಬೀ ಅಮ್ಮನವರಿಗೆ ಉಳಿದಿದ್ದದ್ದು ಕೆಲವೇ ವಾರಗಳು.

ಗಾಂಧೀಜಿ ನೋಡಲು ಹೋದಾಗಲೆಲ್ಲ ಅವರು ವಿಚಾರಿಸುತ್ತಿದ್ದದ್ದು ಸ್ವರಾಜ್ಯದ ಬಗ್ಗೆ, ಎರಡು ಸಮುದಾಯಗಳ ಐಕ್ಯದ ಬಗ್ಗೆ. ಸ್ವರಾಜ್ಯ ಕಂಡು ಕಣ್ಣು ಮುಚ್ಚಬೇಕೆಂಬುದು ಅವರ ದುಆ. ಅದು ಈಡೇರಲಿಲ್ಲ. ನವೆಂಬರ್ ತಿಂಗಳ ಒಂದು ರಾತ್ರಿ ಅವರು ಕೊನೆಯುಸಿರೆಳೆದರು. ಆ ರಾತ್ರಿ ಗಾಂಧೀಜಿಯೂ ಸರೋಜಿನಿ ನಾಯ್ಡು ಅವರೂ ಆ ಮನೆಯಲ್ಲಿದ್ದರು. ಅಲ್ಲಿ ಗೋಳಾಟವಿರಲಿಲ್ಲ, ಅಲ್ಲಾಹನ ನಾಮಸ್ಮರಣೆ ನಡೆದಿತ್ತು ಎಂದು ಗಾಂಧೀಜಿ 'ಯಂಗ್ ಇಂಡಿಯಾ'ದಲ್ಲಿ ಬರೆದರು. ಕೂಗಳತೆ ದೂರದಲ್ಲಿದ್ದ 'ಕಾಮ್ರೇಡ್' ಮುದ್ರಣಾಲಯದ ಕೆಲಸ ಒಂದು ಕ್ಷಣವೂ ನಿಲ್ಲಲಿಲ್ಲ. ಮೊದಲೇ ಒಪ್ಪಿಕೊಂಡಿದ್ದ ಸಾರ್ವಜನಿಕ ಕಾರ್ಯಕ್ರಮಗಳನ್ನು ಶೌಕತ್ ಅಲಿ ಮುಂದೂಡಲಿಲ್ಲ. ತಾಯಿ ಕಲಿಸಿದ ಪಾಠವನ್ನು ಮಕ್ಕಳು ತಾಯಿಯ ಸಾವಿನ ದಿನವೇ ಒಪ್ಪಿಸಿದಂತಿತ್ತು.

ತಮ್ಮ ಜನಾಝಕ್ಕೆ ಖಾದಿಯ ಹೊದಿಕೆಯೇ ಆಗಬೇಕು ಎಂದು ಅವರು ಮಗನಿಗೆ ಮೊದಲೇ ಹೇಳಿಟ್ಟಿದ್ದರು. ಬದುಕಿದ್ದಾಗ ಇತರರಿಗೆ ಏನು ಉಡಲು ಹೇಳಿದರೋ ಅದನ್ನೇ ಹೊದ್ದು ಹೋಗಬೇಕೆಂಬುದು ಅವರ ಆಸೆ.

ಮುಂದಿನ ತಿಂಗಳು ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವದು. ಅವರಿಗಿಂತ ಮೊದಲು ಆ ಸ್ಥಾನದಲ್ಲಿದ್ದವರು, 1923ರ ಕಾಕಿನಾಡ ಅಧಿವೇಶನದ ಅಧ್ಯಕ್ಷ ಮುಹಮ್ಮದ್ ಅಲಿ. ಆ ವರ್ಷ ಅಗಲಿದವರಿಗಾಗಿ ಬೆಳಗಾವಿಯಲ್ಲಿ ಅಂಗೀಕರಿಸಿದ ಸಂತಾಪ ನಿರ್ಣಯದಲ್ಲಿ ನ್ಯಾಯಮೂರ್ತಿಗಳು, ದೊಡ್ಡ ದೊಡ್ಡ ವಿದ್ವಾಂಸರ ಹೆಸರಿನೊಂದಿಗೆ ಬೀ ಅಮ್ಮನವರ ಹೆಸರೂ ಇತ್ತು. ಅದೇ ಅಧಿವೇಶನದಲ್ಲಿ ಡಾ. ನಾ. ಸು. ಹರ್ಡೀಕರ್ ಮತ್ತು ಉಮಾಬಾಯಿ ಕುಂದಾಪುರ ಅವರು ಕಟ್ಟಿದ ಕನ್ನಡ ಹೆಣ್ಣುಮಕ್ಕಳ ಸ್ವಯಂಸೇವಕಿಯರ ಪಡೆ ದುಡಿಯಿತು. ಉತ್ತರದಲ್ಲಿ ಬೀ ಅಮ್ಮ ಯಾವ ಸಮವಸ್ತ್ರವೂ ಇಲ್ಲದೆ ಮಾಡಿದ ಸೇವೆಗೆ ಇಲ್ಲಿ ಒಂದು ಸಂಘಟನೆಯ ರೂಪ ಬಂದಿತ್ತು.

ಬಿಜಾಪುರದ ಜೈಲಿನಲ್ಲಿ ಬರೆದ ಪುಟಗಳು

ಕರಾಚಿಯ ಶಿಕ್ಷೆಯ ಅವಧಿಯಲ್ಲಿ ಶೌಕತ್ ಅಲಿಯನ್ನು ರಾಜಕೋಟೆಯಲ್ಲೂ ಮುಹಮ್ಮದ್ ಅಲಿಯನ್ನು ಆಗ ಮುಂಬಯಿ ಪ್ರಾಂತದಲ್ಲಿದ್ದ ಬಿಜಾಪುರದಲ್ಲೂ, ಅಂದರೆ ಇಂದಿನ ವಿಜಯಪುರದಲ್ಲಿ, ಇಟ್ಟಿದ್ದರು. ಆ ಜೈಲಿನಲ್ಲಿದ್ದಾಗ 1923ರಲ್ಲಿ ಮುಹಮ್ಮದ್ ಅಲಿ ತಮ್ಮ ಆತ್ಮಕಥೆಯ ಭಾಗವೊಂದನ್ನು ಇಂಗ್ಲಿಷಿನಲ್ಲಿ ಬರೆದರು. ಅದು ಪುಸ್ತಕವಾಗಿ ಬಂದದ್ದು 1942ರಲ್ಲಿ, ಅವರು ತೀರಿಕೊಂಡು ಹನ್ನೊಂದು ವರ್ಷಗಳ ಮೇಲೆ. ತಂದೆಯ ಸಾವು, ಅಡವಿಟ್ಟ ಒಡವೆ, ತಾಯಿಯ ಸರಳತೆ ಮತ್ತು ದೈವಭಕ್ತಿ ಇವೆಲ್ಲ ನಮಗೆ ತಿಳಿದಿರುವುದು ಹೆಚ್ಚಾಗಿ ಆ ಪುಟಗಳಿಂದ. ಆಕ್ಸ್‌ಫರ್ಡಿನಲ್ಲಿ ಓದಿದ ಮಗ, ಓದದ ತನ್ನ ತಾಯಿಯಷ್ಟು ವಿವೇಕಿಯನ್ನು ತಾನು ಕಂಡಿಲ್ಲ ಎಂದು ಕನ್ನಡ ನಾಡಿನ ಜೈಲಿನಲ್ಲಿ ಕುಳಿತು ಬರೆದಿಟ್ಟರು. ಆ ಒಡವೆಗಳು ಕಲಿಸಿದ ಅಕ್ಷರವೇ ಆ ತಾಯಿಯ ಕತೆಯನ್ನು ಉಳಿಸಿತು.

ನಮ್ಮ ಮೊಹಲ್ಲಾಗಳಲ್ಲಿ, ಕೇರಿಗಳಲ್ಲಿ ಇಂತಹ ತಾಯಂದಿರು ಇಲ್ಲವೇ? ಬೀಡಿ ಕಟ್ಟಿ, ಬಟ್ಟೆ ಹೊಲಿದು ಮಕ್ಕಳನ್ನು ಓದಿಸಿದವರು. ಯಾರ ಮನೆಯಲ್ಲಿ ಹೆಣ್ಣು ಮಯ್ಯಿತ್ ಆದರೂ ಗುಸ್ಲ್ ಮಾಡಿಸಲು ಕರೆದ ಕೂಡಲೇ ಎದ್ದು ಹೋಗುವವರು. ಬಡ ಹುಡುಗಿಯ ಕಾಲೇಜು ಶುಲ್ಕಕ್ಕೆ ನಾಲ್ಕು ಮನೆ ತಿರುಗಿ ಹಣ ಕೂಡಿಸುವವರು. ಬಾಣಂತಿಗೆ ಗಂಜಿ, ನೆರೆಮನೆಯ ರೋಗಿಗೆ ಊಟ ತಲುಪಿಸಿ ತಾವು ಕೊನೆಗೆ ಉಣ್ಣುವವರು. ಜಮಾಅತ್ ಕಮಿಟಿಯ ದಾಖಲೆಗಳಲ್ಲಿ ಅವರ ಹೆಸರಿಲ್ಲ. ಮಸೀದಿಯ ಗೋಡೆಯ ದಾನಿಗಳ ಪಟ್ಟಿಯಲ್ಲಿ ಅವರ ಕಿವಿಯೋಲೆ ಗಂಡನ ಹೆಸರಿನಲ್ಲೋ ಮಗನ ಹೆಸರಿನಲ್ಲೋ ಇದೆ.

ಅವರು ಹೆಸರು ಬಯಸಿ ಕೊಟ್ಟವರಲ್ಲ, ನಿಜ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ಕೊಡಬೇಕೆಂಬುದು ಕೊಡುವವರಿಗೆ ಇರುವ ಬೋಧನೆ. ಪಡೆದವರು ಮರೆತುಬಿಡಬಹುದು ಎಂದು ಅದಕ್ಕೆ ಅರ್ಥವಿಲ್ಲ. ಅವರು ಓದಿಸಿದ ಮಕ್ಕಳು ಇಂದು ಶಿಕ್ಷಕರಾಗಿದ್ದಾರೆ, ವೈದ್ಯರಾಗಿದ್ದಾರೆ, ಕೊಲ್ಲಿಯ ದೇಶಗಳಲ್ಲಿ ದುಡಿಯುತ್ತಿದ್ದಾರೆ. ತಾಯಿಗೆ ಎಷ್ಟನೆಯ ವಯಸ್ಸಿನಲ್ಲಿ ಮದುವೆಯಾಯಿತು, ಯಾವ ವರ್ಷ ಯಾವ ಒಡವೆ ಮಾರಿದರು, ಯಾರ ಹೆರಿಗೆಗೆ ನಡುರಾತ್ರಿ ಎದ್ದು ಹೋದರು ಎಂದು ಅವರಿರುವಾಗಲೇ ಕೇಳಿ ಬರೆದಿಡುವುದು ಕಷ್ಟದ ಕೆಲಸವಲ್ಲ. ಮುಹಮ್ಮದ್ ಅಲಿಗೆ ಅದಕ್ಕೆ ಬಿಡುವು ಸಿಕ್ಕಿದ್ದು ಬಿಜಾಪುರದ ಸೆರೆಯಲ್ಲಿ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಅಡುಗೆಮನೆಯವರೆಗೆ ಹೋದರೆ ಸಾಕು.